ನರ್ಸಬಾಯಿಗಿಲ್ಲದ ಸೂತಕ

ಒಗ್ಗರಣೆ ಹಾಕದ ತೊವ್ವೆಗೆ ಒಂದು ವಾಸನೆ ಇರುತ್ತದೆ. ಬೆಂದ ಬೇಳೆ, ಅರಿಶಿನ, ಉಪ್ಪು, ಅಷ್ಟೇ. ಬೇರೆ ದಿನ ಅದು ಮೂಗಿಗೆ ಗೊತ್ತಾಗುವುದೇ ಇಲ್ಲ. ಸಾಸಿವೆ ಸಿಡಿದ ಕೂಡಲೇ ಅಡಗಿಹೋಗುತ್ತದೆ. ಸೂತಕದ ದಿನಗಳಲ್ಲಿ ಒಗ್ಗರಣೆಗೆ ಎಣ್ಣೆ ಕಾಯಿಸುವಂತಿಲ್ಲವಾದ್ದರಿಂದ ಆ ವಾಸನೆ ಹಾಗೇ ಉಳಿದುಬಿಡುತ್ತದೆ. ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಯಜಮಾನರು ತೀರಿಕೊಂಡರು. ನೆರೆಮನೆಯವರು ಕ್ಯಾರಿಯರಿನಲ್ಲಿ ಗಂಜಿ, ತೊವ್ವೆ ತಂದಿಟ್ಟು ಹೋದರು. ಮಗಳು ಮುಚ್ಚಳ ತೆಗೆದಳು. ಆ ವಾಸನೆ ಬಂದಾಗ ನನಗೆ ನೆನಪಾದದ್ದು ಯಜಮಾನರಲ್ಲ... ನರ್ಸಬಾಯಿ.

ನಾಚಿಕೆಯಾಯಿತು. ಗಂಡನನ್ನು ಕಳಿಸಿಕೊಟ್ಟ ಮನೆಯಲ್ಲಿ ಕೂತು ಬೇರೆ ಯಾರನ್ನೋ ನೆನೆಯುವುದೇ ಎಂದು. ಆದರೆ ಅಂದಿನಿಂದ ಅವರು ನನ್ನ ಮನಸ್ಸು ಬಿಟ್ಟು ಹೋಗಿಲ್ಲ.

ನಾನು ರಾಮನಗುಳಿಯವಳು. ಹತ್ತನೇ ಇಯತ್ತೆ ಮುಗಿಸಿ, ಕೆಲವು ವರ್ಷ ಮನೆಯಲ್ಲಿದ್ದು, ಮದುವೆಯಾಗಿ ಅಂಕೋಲೆಗೆ ಬಂದೆ. ಆಗ ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಮ್ಮ ಕೇರಿಗೆ ನಳ ಇನ್ನೂ ಬಂದಿರಲಿಲ್ಲ. ಎಲ್ಲ ಮನೆಗೂ ಒಂದೇ ಬಾವಿ. ಬಾವಿಯ ಆಚೆ, ನುಗ್ಗೆಮರದ ಹಿಂದಿನ ಹಂಚಿನ ಮನೆಯಲ್ಲಿ ಇಬ್ಬರು ಹೆಂಗಸರಿದ್ದರು. ಒಬ್ಬರು ಶಾಲೆಯ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಕರೆಯುವುದೇ ಹಾಗೆ. ಅವರ ತವರು ಹತ್ತಿರದ ಭಾವಿಕೇರಿ; ಅಣ್ಣನ ಸಂಸಾರ ಅಲ್ಲಿತ್ತು. ಇನ್ನೊಬ್ಬರು ಆಸ್ಪತ್ರೆಯ ನರ್ಸಬಾಯಿ. ಅವರು ಅರ್ಗಾದ ಬದಿಯವರು, ಮನೆಮಾತು ಕೊಂಕಣಿ. ನೌಕಾನೆಲೆಗೆಂದು ಜಾಗ ಬಿಟ್ಟುಕೊಟ್ಟಾಗ ಅವರ ಮನೆಯೂ ಹೋಗಿ, ಮನೆಯವರು ಒಬ್ಬೊಬ್ಬರು ಒಂದೊಂದು ಕಡೆಯಾಗಿದ್ದರು.

ನಾನು ಬರುವ ಹೊತ್ತಿಗೆ ಅವರಿಬ್ಬರೂ ಆ ಮನೆಯಲ್ಲಿ ಬಹಳ ವರ್ಷ ಕಳೆದಿದ್ದರು. ಬಾವಿಕಟ್ಟೆಯಲ್ಲಿ ಅದು ದಿನದ ಮಾತು. ನರ್ಸಬಾಯಿಯ ಬಿಳಿ ಸೀರೆ ಕಂಡ ಕೂಡಲೇ ಯಾರಾದರೊಬ್ಬರು, "ಅಕ್ಕೋರ ಯಜಮಾನ್ರು ಡ್ಯೂಟಿಗೆ ಹೊರಟ್ರು ಕಾಣ್ತದೆ" ಅನ್ನುವುದು, ಉಳಿದವರು ಸೆರಗಿನಲ್ಲಿ ಬಾಯಿ ಮುಚ್ಚಿ ನಗುವುದು. ನನಗೆ ಮೊದಮೊದಲು ಅರ್ಥವಾಗಲಿಲ್ಲ. ಅತ್ತೆಯನ್ನು ಕೇಳಿದೆ.

"ಹೋಗ್ಲಿ ಬಿಡೆ. ಕೆಲವ್ರು ಹಂಗೇ ಇರ್ತ್ರು. ನಮ್ಗೆ ಎಂತ ತೊಂದ್ರೆ ಕೊಟ್ಟಾರೆ?" ಎಂದರು ಅತ್ತೆ.

ಆಮೇಲೆ ನನಗೇ ತಿಳಿಯಿತು. ಒಂದು ಮಧ್ಯಾಹ್ನ ಜರಡಿ ಕೇಳಲು ಅವರ ಮನೆಗೆ ಹೋಗಿದ್ದೆ. ಬಾಗಿಲು ತೆರೆದೇ ಇತ್ತು. ಇಬ್ಬರೂ ಊಟಕ್ಕೆ ಕೂತಿದ್ದರು. ನರ್ಸಬಾಯಿ ಬಂಗಡೆ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ತುಂಡುಗಳನ್ನು ಅಕ್ಕೋರ ಬಟ್ಟಲ ಬದಿಗೆ ಇಡುತ್ತಿದ್ದರು.

"ನಾ ಎಂತ ಸಣ್ಣ ಪೋರಿಯಾ?" ಅಕ್ಕೋರು ಗೊಣಗುತ್ತಿದ್ದರು.

"ಹೋದ ಸಲ ಗಂಟ್ಲಲ್ಲಿ ಮುಳ್ಳು ಸಿಕ್ಕಸ್ಕಂಡು ಕೇರಿ ಎಲ್ಲ ಕೂಡಿಸ್ದವ್ರು ಯಾರು? ಶಾಲೇಲಿ ಪೋರರಿಗೆ ಹೇಳ್ತ್ರಲ್ಲ, ಬಾಯಿ ಮುಚ್ಚಿ ತಿನ್ನಿ ಅಂತ. ಹಂಗೇ ತಿನ್ನಿ ಈಗ."

ಅಕ್ಕೋರು ನಕ್ಕರು. ಅಷ್ಟರಲ್ಲಿ ನನ್ನನ್ನು ಕಂಡರು. ನರ್ಸಬಾಯಿಯ ಕೈ ತಟ್ಟನೆ ಹಿಂದಕ್ಕೆ ಹೋಯಿತು. ಹಾಗೆ ಹಿಂದಕ್ಕೆ ತೆಗೆದುಕೊಂಡು ತೆಗೆದುಕೊಂಡು ಆ ಕೈಗೆ ರೂಢಿಯಾಗಿತ್ತು ಎಂದು ಕಾಣುತ್ತದೆ. ಅಲ್ಲಿ ಕಂಡದ್ದು ಬರೀ ಗೆಳೆತನವಲ್ಲ ಎಂದು ನನಗೆ ಆಗಲೇ ಗೊತ್ತಾಯಿತು. ನನಗೆ ಹೊಸದಾಗಿ ಮದುವೆಯಾಗಿತ್ತು. ಸಂಸಾರ ಎಂದರೆ ಏನೆಂದು ನಾನೂ ಕಲಿಯುತ್ತಿದ್ದೆ. ಅದು ಸಂಸಾರವೇ ಆಗಿತ್ತು.

ನನ್ನ ಮಗಳು ಹುಟ್ಟಿದಾಗ ರಕ್ತ ನಿಲ್ಲಲಿಲ್ಲ. ನರ್ಸಬಾಯಿಯ ಡ್ಯೂಟಿ ಮುಗಿದಿತ್ತು. ಅವರು ಮನೆಗೆ ಹೋಗಲಿಲ್ಲ. "ಹೆದರ್ಬೇಡ ತಂಗೀ, ನಾ ಇದ್ದೆ" ಎಂದು ನನ್ನ ಕೆನ್ನೆ ತಟ್ಟುತ್ತ ಕೂತರು. ಅಕ್ಕೋರು ಮೆಂತ್ಯದ ಗಂಜಿ ಮಾಡಿಕೊಂಡು ಬಂದರು, ನನಗೊಂದು ಪಾತ್ರೆ, ನರ್ಸಬಾಯಿಗೊಂದು. ನಮ್ಮ ಅತ್ತೆ ಆ ಪಾತ್ರೆಯನ್ನು ತೊಳೆದು, ಬರಿದು ಕೊಡಬಾರದೆಂದು ಬೆಲ್ಲ ತುಂಬಿ ವಾಪಸು ಕೊಟ್ಟರು. ಅಂದರೆ ನಮ್ಮ ಅತ್ತೆ ಕೆಟ್ಟವರಲ್ಲ. ಇದನ್ನು ಹೇಳದಿದ್ದರೆ ಮುಂದಿನದು ಸರಿಯಾಗಿ ತಿಳಿಯುವುದಿಲ್ಲ.

ಮಗಳು ನಡೆಯಲು ಕಲಿತ ವರ್ಷ ಅಕ್ಕೋರಿಗೆ ಕಾಮಾಲೆಯಾಯಿತು. ಊರ ಮದ್ದಿಗೆ ಇಳಿಯಲಿಲ್ಲ. ಕಾರವಾರದ ಆಸ್ಪತ್ರೆಗೆ ಒಯ್ದರು. ನರ್ಸಬಾಯಿ ರಜೆ ಹಾಕಿ ಜೊತೆಗಿದ್ದರು. ಅಣ್ಣ ನಡುನಡುವೆ ಹೋಗಿ ನೋಡಿ ಬರುತ್ತಿದ್ದನಂತೆ. ಒಂದು ಬೆಳಿಗ್ಗೆ ಅಂಗಡಿಯ ಫೋನಿಗೆ ಸುದ್ದಿ ಬಂತು, ಅಕ್ಕೋರು ಹೋದರು ಎಂದು. ಹೆಣವನ್ನು ನಮ್ಮ ಕೇರಿಗೆ ತರಲಿಲ್ಲ. ನೇರ ಭಾವಿಕೇರಿಗೆ ಒಯ್ದರು. ವ್ಯಾನಿನಲ್ಲಿ ಅಣ್ಣ ಮತ್ತು ಅಣ್ಣನ ಮಕ್ಕಳು ಕೂತರು. ನರ್ಸಬಾಯಿ ಹಿಂದಿನಿಂದ ಬಸ್ಸಿನಲ್ಲಿ ಬಂದರು.

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಊಟ ಒಯ್ಯಬೇಕು. ನಮ್ಮ ಕೇರಿಯವರೂ ಗಂಜಿ ಮಾಡಿ, ಪಾತ್ರೆ ಹೊತ್ತು, ನರ್ಸಬಾಯಿಯ ಮುಚ್ಚಿದ ಬಾಗಿಲ ಮುಂದಿನಿಂದಲೇ ಹಾದು, ಭಾವಿಕೇರಿಗೆ ಹೋದೆವು. ಸಾವಿನ ಮನೆ ಯಾವುದು ಎಂದು ನಾವು ಯಾರೂ ಯೋಚಿಸಲಿಲ್ಲ.

ಅಲ್ಲಿ ಒಳಗೆ ಹೆಣದ ಸುತ್ತ ಅತ್ತಿಗೆ, ಅವಳ ಹೆಣ್ಣುಮಕ್ಕಳು ಕೂತಿದ್ದರು. ನರ್ಸಬಾಯಿ ಹೊರಗೆ ತುಳಸಿಕಟ್ಟೆಯ ಹತ್ತಿರ, ನೋಡಲು ಬಂದ ಮಂದಿಯ ನಡುವೆ ನಿಂತಿದ್ದರು. ಅತ್ತಿಗೆ ಹೊರಗೆ ಬಂದಾಗ ಅವರನ್ನು ಕಂಡು ಹೇಳಿದಳು. "ಬಾಯಿ, ನೀವೂ ಬಂದ್ರಾ? ಆಸ್ಪತ್ರೇಲಿ ಚಲೋ ನೋಡ್ಕಂಡ್ರಿ ಅಂಬ್ರು. ನಿಮ್ದು ಬಹಳ ಉಪಕಾರ ಆಯ್ತು."

ಡ್ಯೂಟಿ ಮಾಡಿದ ನರ್ಸಿಗೆ ಹೇಳುವ ಮಾತು. ನರ್ಸಬಾಯಿ ತಲೆಯಾಡಿಸಿದರು. ಹೆಣ ಎತ್ತುವಾಗ ಒಳಗಿನ ಹೆಂಗಸರೆಲ್ಲ ಗೋಳೋ ಎಂದರು. ನರ್ಸಬಾಯಿ ಅಳಲಿಲ್ಲ. ಆ ಅಂಗಳದಲ್ಲಿ ಅವರು ಅಕ್ಕೋರಿಗೆ ಏನಾಗಬೇಕೆಂದು ಅಳಬೇಕಿತ್ತು...

ಮರುದಿನ ಬೆಳಿಗ್ಗೆ ನಾವೆಲ್ಲ ಬಾವಿಯ ಹತ್ತಿರ ಇದ್ದೆವು. ಸೂತಕ ಬಂದವರು ನಮ್ಮಲ್ಲಿ ಬಾವಿ ಮುಟ್ಟುತ್ತಿರಲಿಲ್ಲ. ಕೊಡಪಾನವನ್ನು ಕಟ್ಟೆಯಿಂದ ದೂರ ಇಟ್ಟು, ಹಿಂದೆ ಸರಿದು ನಿಲ್ಲುತ್ತಿದ್ದರು. ಹಗ್ಗ ಯಾರ ಕೈಯಲ್ಲಿದೆಯೋ ಅವರು ನೀರು ಸೇದಿ, ಆ ಕೊಡಪಾನಕ್ಕೆ ತಾಗದ ಹಾಗೆ ಮೇಲಿನಿಂದ ಹೊಯ್ಯುತ್ತಿದ್ದರು. ಕೇಳಬೇಕೆಂದಿರಲಿಲ್ಲ. ಜಗಳವಾಡಿ ಮಾತು ಬಿಟ್ಟವರಿಗೂ ಹೊಯ್ಯುತ್ತಿದ್ದರು.

ನರ್ಸಬಾಯಿ ತಲೆಗೆ ಮಿಂದು, ಒದ್ದೆ ಕೂದಲು ಬಿಟ್ಟುಕೊಂಡು ಬಂದರು. ಕೊಡಪಾನವನ್ನು ದೂರ ಇಟ್ಟರು. ಇಟ್ಟು, ಹಿಂದೆ ಸರಿದು ನಿಂತರು.

ಹಗ್ಗ ನಮ್ಮ ಅತ್ತೆಯ ಕೈಯಲ್ಲಿತ್ತು. ಎದುರುಮನೆಯ ದೊಡ್ಡಮ್ಮ ಮೊದಲು ಬಾಯಿಬಿಟ್ಟರು.

"ಮುಂದೆ ಬನ್ನಿ ಬಾಯಿ. ನೀವೇ ಸೇದ್ಕಣಿ. ನಿಮ್ಗೆ ಎಂತ ಸೂತಕ?"

ನರ್ಸಬಾಯಿ ಅಲ್ಲಾಡಲಿಲ್ಲ.

"ಅಕ್ಕೋರ ಸೂತಕ ಭಾವಿಕೇರಿ ಮನೀಗೆ. ನೀವು ಬಾವಿ ಮುಟ್ಟೂಕೆ ಅಡ್ಡಿಲ್ಲ. ಸುಮ್ನೆ ಎಂತಕ್ಕೆ ದೂರ ನಿಲ್ತ್ರಿ?" ದೊಡ್ಡಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಪ, ತಿಳಿಯದವರಿಗೆ ಹೇಳಿಕೊಡುವ ಹಾಗಿತ್ತು.

"ನಂಗೆ ಅದೆ," ಎಂದರು ನರ್ಸಬಾಯಿ.

"ಗಂಡ ಸತ್ತಂಗೆ ಮಾಡ್ತ್ರಲೆ ಇವ್ರು" ಎಂದು ಯಾರೋ ಹಿಂದೆ ಮೆಲ್ಲಗೆ ಅಂದರು. ಎಲ್ಲರಿಗೂ ಕೇಳಿತು. ಆ ದಿನ ಯಾರೂ ನಗಲಿಲ್ಲ.

ಅತ್ತೆ ಸೇದಿದ ನೀರು ಕಟ್ಟೆಯ ಮೇಲಿತ್ತು. ಅವರು ನರ್ಸಬಾಯಿಯ ಕೊಡಪಾನ ನೋಡಿದರು. ಆಮೇಲೆ ನಮ್ಮ ಕೊಡಪಾನಕ್ಕೆ ಹೊಯ್ದುಕೊಂಡು ಸೊಂಟದ ಮೇಲೆ ಇಟ್ಟುಕೊಂಡರು. "ಇನ್ನೊಂದು ತುಂಬ್ಸಿ ಬಾ" ಎಂದು ಹಗ್ಗ ನನಗೆ ಕೊಟ್ಟು ಹೋದರು. ನಾನು ಸೇದಿದೆ. ನಮ್ಮದಕ್ಕೇ ತುಂಬಿಸಿದೆ. ತಲೆ ಎತ್ತದೆ ಮನೆಗೆ ಬಂದೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ನರ್ಸಬಾಯಿ ಎಷ್ಟು ಹೊತ್ತು ಹಾಗೆ ನಿಂತಿದ್ದರೋ. ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದಾಗ ಬರಿಯ ಕೊಡಪಾನ ಎತ್ತಿಕೊಂಡು ನುಗ್ಗೆಮರದ ಹಿಂದೆ ಹೋಗುತ್ತಿದ್ದರು.

ಅತ್ತೆ ಆ ದಿನ ಸರಿಯಾಗಿ ಉಣ್ಣಲಿಲ್ಲ. "ನೀರು ಹೊಯ್ಯೂದು ಎಂತ ದೊಡ್ಡದು? ಹೊಯ್ದ್ರೆ ಒಪ್ದಂಗೆ ಆಗ್ತದಲ. ನಾಳೆ ನಾಕು ಮಂದಿ ಕೇಳ್ರೆ ಎಂತ ಹೇಳೂದು?" ಎಂದು ತಮ್ಮಷ್ಟಕ್ಕೆ ಅಂದುಕೊಂಡರು.

ಸೂತಕ ಕಳೆಯುವವರೆಗೂ ನರ್ಸಬಾಯಿ ಆಸ್ಪತ್ರೆಯ ನಳದಿಂದ ಕ್ಯಾನಿನಲ್ಲಿ ನೀರು ಹೊತ್ತು ತಂದರು. ನಾವು ಬನ್ನಿ ಬನ್ನಿ ಎಂದರೂ ಬಾವಿ ಮುಟ್ಟಲಿಲ್ಲ. ತಮ್ಮ ಸೂತಕ ನಮಗೆ ತಾಗದ ಹಾಗೆ ನೋಡಿಕೊಂಡವರು ಅವರೇ. ಸಂಜೆ ಎಲ್ಲರ ಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು. ಅವರ ಮನೆಯಿಂದ ಬರೀ ಬೇಳೆ ಬೆಂದ ವಾಸನೆ...

ಭಾವಿಕೇರಿಯ ಅಣ್ಣ ಬಂದು ತಂಗಿಯ ಸಾಮಾನು ಒಯ್ದ. ನರ್ಸಬಾಯಿ ಕಾರವಾರಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಹೋಗುವ ದಿನ ನಮ್ಮ ಮನೆಗೆ ಬಂದು ಮಗಳನ್ನು ಎತ್ತಿ ಮುದ್ದಾಡಿದರು. ಬಾವಿಯ ಮಾತು ಅವರೂ ತೆಗೆಯಲಿಲ್ಲ, ನಾವೂ ತೆಗೆಯಲಿಲ್ಲ.

ಎಷ್ಟೋ ವರ್ಷದ ಮೇಲೆ ಅವರನ್ನು ಇನ್ನೊಮ್ಮೆ ನೋಡಿದೆ. ಯಜಮಾನರ ಶುಗರ್ ತೋರಿಸಲು ಕಾರವಾರಕ್ಕೆ ಹೋಗಿದ್ದೆವು. ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದಾಗ ಅವರೇ ಗುರುತು ಹಿಡಿದು ಬಂದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಗಳು ಎಷ್ಟನೇ ಇಯತ್ತೆ, ಅತ್ತೆ ಹೇಗಿದ್ದಾರೆ ಎಂದೆಲ್ಲ ಕೇಳಿದರು. ಅತ್ತೆ ಹೋಗಿ ಎರಡು ವರ್ಷ ಆಯಿತು ಎಂದೆ. "ಹೌದಾ? ಎಂತ ಆಗಿತ್ತು?" ಎಂದು ನನ್ನ ಪಕ್ಕದಲ್ಲೇ ಕೂತರು. ನಾನು ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. ನಾನು ಹೇಗೋ ಧೈರ್ಯ ಮಾಡಿ, "ಬಾಯಿ, ಅವತ್ತು ಬಾವೀಲಿ..." ಎಂದೆ.

"ಅಯ್ಯ, ಅದು ಬಿಡು ತಂಗೀ. ನೀರು ಎಲ್ಲಿ ಬೇಕಾದ್ರೂ ಸಿಕ್ತದೆ," ಎಂದರು. ಆಮೇಲೆ ನಕ್ಕರು. "ಆದ್ರೆ ಭಾವಿಕೇರೀಲಿ ಎಲ್ರೂ ಅವರ ಅಣ್ಣನ ಹತ್ರ ಕೇಳ್ತಿದ್ರು ನೋಡು, ಹ್ಯಾಂಗಾಯ್ತು, ಹ್ಯಾಂಗಾಯ್ತು ಅಂತ. ಅಂವ ಹೇಳ್ತಾ ಇದ್ದ. ಜೀವ ಹೋಗುವಾಗ ಅಂವ ಅಲ್ಲಿ ಇರ್ಲೇ ಇಲ್ಲ ಮಾರಾಯ್ತಿ. ಇದ್ದವ್ಳು ನಾನು. ನನ್ನ ಹತ್ರ ಇವತ್ತಿನವರೆಗೆ ಯಾರೂ ಕೇಳ್ಲಿಲ್ಲ."

ಆಗಲಾದರೂ ಕೇಳಬಹುದಿತ್ತು. ಕೇಳಲೆಂದೇ ಅವರು ಅದನ್ನು ಹೇಳಿದರೇನೋ. ಅಷ್ಟರಲ್ಲಿ ಯಜಮಾನರ ಪಾಳಿ ಬಂತು. "ಇನ್ನೊಂದು ಸಲ ಬತ್ತೆ ಬಾಯಿ, ಕೂತು ಮಾತಾಡ್ವ" ಎಂದು ಎದ್ದೆ. ಕಾರವಾರಕ್ಕೆ ಆಮೇಲೆ ಎಷ್ಟೋ ಸಲ ಹೋಗಿದ್ದೇನೆ. ಅವರು ನಿವೃತ್ತರಾದರು, ಒಬ್ಬರೇ ಒಂದು ಖೋಲಿಯಲ್ಲಿದ್ದರು, ತೀರಿಕೊಂಡರು ಎಂದು ಆಸ್ಪತ್ರೆಯವರೊಬ್ಬರು ಹೇಳಿದ್ದು ಅವರು ಹೋಗಿ ಬಹಳ ದಿನದ ಮೇಲೆ.

ಈಚೆಗೆ ಒಂದು ದಿನ ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಓದಿದವಳು. "ಈಗ ಅದು ಅಪರಾಧ ಅಲ್ಲ ಅಮ್ಮ, ಕೋರ್ಟೇ ಹೇಳಿದೆ" ಎಂದಳು. ನಮ್ಮ ಕೇರಿಯಲ್ಲಿ ಆಗಲೂ ಯಾರೂ ಅದನ್ನು ಅಪರಾಧ ಎಂದಿರಲಿಲ್ಲ. ಸಕ್ಕರೆ, ಜರಡಿ ಎಲ್ಲ ಕೊಟ್ಟು ತೆಗೆದುಕೊಂಡು ಇದ್ದೆವು. ಅಷ್ಟಕ್ಕೆ ನಾವು ಒಳ್ಳೆಯವರು ಎಂದುಕೊಂಡಿದ್ದೆವು.

ನನಗೆ ಎಲ್ಲವೂ ಕೇಳದೆ ಬಂತು. ಗಂಜಿ ಬಂತು, ನೀರು ತುಂಬಿಸಿಕೊಟ್ಟರು, ಹೆಣದ ತಲೆಯ ಹತ್ತಿರ ಜಾಗ ಬಿಟ್ಟುಕೊಟ್ಟರು. ನಾನು ಇವರ ಹೆಂಡತಿ ಹೌದೋ ಅಲ್ಲವೋ ಎಂದು ಯಾರಿಗೂ ತೋರಿಸಬೇಕಾಗಲಿಲ್ಲ. ಈಗಲೂ ಮಂದಿ ಮಾತಾಡಿಸಲು ಬರುತ್ತಾರೆ. ಬಂದವರೆಲ್ಲ ಹ್ಯಾಂಗಾಯ್ತು ಎಂದು ಕೇಳುತ್ತಾರೆ. ಆ ಬೆಳಿಗ್ಗೆ ಯಜಮಾನರು ಚಹಾ ಕೇಳಿದ್ದು, ಸಕ್ಕರೆ ಇಲ್ಲ ಎಂದು ಮುಖ ಸಿಂಡರಿಸಿದ್ದು, ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೂತಲ್ಲೇ ವಾಲಿದ್ದು, ಎಲ್ಲ ಹೇಳುತ್ತೇನೆ. ಹೇಳಿ ಹೇಳಿ ಅದು ನನ್ನ ಎದೆಯಿಂದ ಸ್ವಲ್ಪ ಸ್ವಲ್ಪ ಇಳಿಯುತ್ತಿದೆ.

ಅಕ್ಕೋರ ಕೊನೆಯ ಬೆಳಿಗ್ಗೆ ಹೇಗಿತ್ತು ಎನ್ನುವುದು ಒಬ್ಬರಿಗೇ ಗೊತ್ತಿತ್ತು. ಏನು ಬೇಕೆಂದು ಕೇಳಿದರು, ಎಚ್ಚರವಿತ್ತೋ ಇಲ್ಲವೋ, ಕೈ ಯಾರ ಕೈಯಲ್ಲಿತ್ತು... ಅದೆಲ್ಲವೂ ಅವರ ಜೊತೆ ಹೋಯಿತು. ಕೂತು ಕೇಳಲು ನನಗೆ ಒಂದು ಬೆಂಚು ಇತ್ತು, ಹೊತ್ತೂ ಇತ್ತು.

ನಿನ್ನೆ ಯಜಮಾನರ ಹಳೆಯ ಸ್ನೇಹಿತರೊಬ್ಬರು ಬಂದಿದ್ದರು. ಚಪ್ಪಲಿ ಬಿಟ್ಟು, ಒಳಗೆ ಬಂದು ಕೂತು, "ಹ್ಯಾಂಗಾಯ್ತು ಅಕ್ಕಾ?" ಎಂದರು. ನಾನು ಚಹಾದಿಂದಲೇ ಸುರು ಮಾಡಿದೆ.