ಬ್ಯಾಚುಲರನ ಬಟ್ಟಲು

ಮಣಿಪಾಲದ ನನ್ನ ಮನೆಯ ಮಹಡಿ ಖಾಲಿಯಾಗಿದೆ. ಬೆಳಿಗ್ಗೆ ಪೇಂಟು, ಬ್ರಶ್ಶು ಹಿಡಿದು ಬಾಡಿಗೆಯ ಬೋರ್ಡು ಬರೆಯಲು ಕುಳಿತೆ. 'ಬ್ಯಾಚುಲರ್‌ಗಳಿಗೆ ಇಲ್ಲ' ಎಂದು ಬರೆದು ಮುಗಿಸುವಾಗ ಕೈ ತಡೆಯಿತು. ಒಂದು ಕಾಲದಲ್ಲಿ ಇದೇ ಮಾತು ಕೇಳಿಸಿಕೊಂಡು ಊರೆಲ್ಲ ಅಲೆದವನು ನಾನೇ ಅಲ್ಲವೇ?

ನಿಮಗೂ ಗೊತ್ತಿದ್ದೀತು, ಎಪ್ಪತ್ತರ ದಶಕದಲ್ಲಿ ಬ್ಯಾಚುಲರ್ ಎಂದರೆ ಮನೆ ಮಾಲಿಕರಿಗೆ ಕಳ್ಳನಿಗಿಂತ ಒಂದು ಕೈ ಮೇಲು. ಹೆಣ್ಣು ಹೆತ್ತವರಿಗೆ ಮಾತ್ರ ಅಪ್ಪಟ ಚಿನ್ನ. ಆದಿ ಉಡುಪಿಯಲ್ಲಿ ನನ್ನನ್ನು ಗೇಟಿನಿಂದಲೇ ಸಾಗಹಾಕಿದ ಯಜಮಾನರು ಮರುವಾರ ತಂಗಿಯ ಮಗಳ ಜಾತಕ ಕಳಿಸಿದರು! ನಾನೂ ಹಠಕ್ಕೆ ಬಿದ್ದು ಅದನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿದೆ.

ಕೊನೆಗೆ ಮಣಿಪಾಲದಲ್ಲೊಂದು ರೂಮು ಸಿಕ್ಕಿತು, ಜೊತೆಗೆ ಕಾಪುವಿನ ಹಮೀದ್. ಉಂಡ ಬಟ್ಟಲನ್ನು ಅವರವರೇ ತೊಳೆಯಬೇಕೆಂಬುದು ನಮ್ಮ ಏಕೈಕ ಕಾನೂನು. ಮುರಿಯುತ್ತಿದ್ದವನು ನಾನು, ಬೈಯುತ್ತಾ ಎರಡನ್ನೂ ತೊಳೆಯುತ್ತಿದ್ದವನು ಅವನು. ಮದುವೆಯಾದ ವರ್ಷವೇ ಅವನು ದುಬೈಗೆ ಹೋದ. 'ರೂಮಿಗೆ ಎಂಟು ಜನ. ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವರಿಗೂ ಇಲ್ಲಿ ಬ್ಯಾಚುಲರ್ ಅಂತಲೇ ಹೇಳುವುದು ಮಾರಾಯ' ಎಂದು ಕಾಗದ ಬರೆದ. ಓದಿ ನಾನು ಹೊಟ್ಟೆ ತುಂಬಾ ನಕ್ಕೆ.

ಮೂರು ವರ್ಷದ ಮೇಲೆ ರಜೆಯಲ್ಲಿ ಬಂದವನು ಕಾಪುವಿಗೆ ಊಟಕ್ಕೆ ಕರೆದ. ಮರುವಾರವೇ ವಾಪಸು ಹೊರಡುವವನಿದ್ದ. ಬಂಗುಡೆ ಸಾರಿನ ಊಟ ಮುಗಿದದ್ದೇ ತನ್ನ ಬಟ್ಟಲು ಹಿಡಿದು ಬಾವಿಕಟ್ಟೆಗೆ ನಡೆದ. ತಿಕ್ಕಿ ತೊಳೆದು, ಒರಸಿ ತಂದು, ತನ್ನ ಪೆಟ್ಟಿಗೆಯ ಪಕ್ಕದಲ್ಲಿ ಕವುಚಿಟ್ಟ.

ಬಾಗಿಲ ಪರದೆಯ ಹಿಂದಿನಿಂದ ಅವನ ಹೆಂಡತಿಯ ದನಿ ಬಂತು: "ನೀವು ಬಂದು ಒಂದು ತಿಂಗಳಾಯ್ತು. ಆ ಬಟ್ಟಲನ್ನು ಒಂದು ದಿನವಾದರೂ ಒಳಗೆ ಕೊಡಿ. ಇದು ನಿಮ್ಮ ಮನೆ, ಅಲ್ವಾ?"

ಹಮೀದ್ ಪೆಟ್ಟಿಗೆಯ ಕಡೆಗೆ ಬಗ್ಗಿದ. "ಅಲ್ಲಿಯ ರೂಮಿನ ಅಭ್ಯಾಸ ಆಗಿ ಹೋಗಿದೆ" ಎಂದು ಬಟ್ಟಲನ್ನು ಎತ್ತಿ ಪರದೆಯತ್ತ ಚಾಚಿದ. ಬಳೆ ತೊಟ್ಟ ಕೈಯೊಂದು ಅದನ್ನು ತೆಗೆದುಕೊಂಡಿತು. ಅವನ ಕಾಗದ ಓದಿ ನಕ್ಕದ್ದಕ್ಕೆ ನನಗೆ ನಾಚಿಕೆಯಾಯಿತು.

ಹಮೀದ್ ಮತ್ತೆ ದುಬೈಗೆ ಹೋಗಲಿಲ್ಲ. ಹಿರಿಯಡ್ಕದಲ್ಲಿ ಚಪ್ಪಲಿ ಅಂಗಡಿ ಇಟ್ಟ.

ಬೋರ್ಡಿನ ಪೇಂಟು ಇನ್ನೂ ಹಸಿಯಿತ್ತು. ಗೇಟಿನ ಹತ್ತಿರ ಒಬ್ಬ ತರುಣ ನಿಂತು ಅದನ್ನು ಓದುತ್ತಿದ್ದ.

"ಸರ್, ಮದುವೆಯಾಗಿದೆ. ಹೆಂಡತಿ ಊರಲ್ಲಿದ್ದಾಳೆ. ನಾನೂ ಬ್ಯಾಚುಲರೇ ಆಗ್ತೇನಾ?"

ನಾನು ಬಟ್ಟೆ ತೆಗೆದುಕೊಂಡು ಕೊನೆಯ ಸಾಲನ್ನು ಒರಸಿ ಹಾಕಿದೆ.

"ಮೇಲೆ ಅಡುಗೆಮನೆ ದೊಡ್ಡದುಂಟು. ಅವರನ್ನೂ ಕರ್ಕೊಂಡು ಬನ್ನಿ."