ಬಲಗಡೆಯ ಕಿತ್ತಳೆ ದಾರ

ಆ ದಿನ ನಾನು ನಿಜವಾಗಿ ಏನು ಕಂಡೆ ಎಂಬುದು ನನಗೇ ಖಚಿತವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಂಜಿನಿಯರಿಂಗ್ ಓದಿದವನು ನಾನು. ಯಾರಾದರೂ ಇಂಥ ಅನುಭವ ಹೇಳತೊಡಗಿದರೆ, ‘ಆಗ ಎಷ್ಟು ಗಂಟೆ? ಬೆಳಕು ಎಷ್ಟಿತ್ತು? ಹೊಟ್ಟೆಗೆ ಏನಾದರೂ ತಿಂದಿದ್ದಿರಾ?’ ಎಂದು ಕೇಳಿ ಅವರ ಉತ್ಸಾಹ ಇಳಿಸುತ್ತಿದ್ದವನು. ಆ ಪ್ರಶ್ನೆಗಳಿಗೆ ಈಗ ನಾನೇ ಉತ್ತರಿಸಬೇಕು. ಮಧ್ಯಾಹ್ನ ನಾಲ್ಕು ಗಂಟೆ. ಕಣ್ಣು ಕುಕ್ಕುವ ಬಿಸಿಲು. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಒಂದು ಬಾಡಿಗೆ ಮನೆಯಲ್ಲಿ ನಾನು ಸೈನ್ಯಕ್ಕೆಂದು ಒಂದು ಪ್ಯಾರಾಚೂಟ್ ತಯಾರಿಸುತ್ತಿದ್ದೆ. ಗುಡ್ಡದ ತುದಿಯ ಠಾಣೆಗಳಲ್ಲಿರುವ ಸೈನಿಕರಿಗೆ ಅಕ್ಕಿ, ಔಷಧಿಯನ್ನು ಆಕಾಶದಿಂದ ಇಳಿಸಬೇಕಾಗುತ್ತದೆ. ಸಾಮಾನ್ಯ ಪ್ಯಾರಾಚೂಟ್ ಗಾಳಿ ಒಯ್ದ ಕಡೆ ಹೋಗುತ್ತದೆ. ನಮ್ಮದು ಹಾಗಲ್ಲ. ಇಳಿಯಬೇಕಾದ ಜಾಗವನ್ನು ಮೊದಲೇ ಅದರ ಪೆಟ್ಟಿಗೆಗೆ ತಿಳಿಸಿರುತ್ತೇವೆ. ಎಡದ ಹಗ್ಗವನ್ನು ಮೋಟಾರು ಎಳೆದರೆ ಎಡಕ್ಕೆ, ಬಲದ್ದನ್ನು ಎಳೆದರೆ ಬಲಕ್ಕೆ ತಿರುಗುತ್ತ ತಾನೇ ಅಲ್ಲಿಗೆ ಹೋಗಿ ಇಳಿಯುತ್ತದೆ.

ಬಟ್ಟೆ ಹೊಲಿದವರು ಖಾದರ್ ಮಾಸ್ತರ್. ಹದಿನೈದು ವರ್ಷ ಜೀನ್ಸ್ ಪ್ಯಾಂಟ್ ಹೊಲಿದ ಕೈ. “ಪ್ಯಾಂಟ್ ಹರಿದ್ರ ಗಿರಾಕಿ ಬೈತಾನ, ಅಷ್ಟ. ಇದು ಹರಿದ್ರ ಮಿಲಿಟ್ರಿಯವ್ರು ಉಪಾಸ ಇರ್ತಾರ ಸಾರ್,” ಎಂದು ಎಲ್ಲ ಕಡೆ ಎರಡೆರಡು ಹೊಲಿಗೆ ಹಾಕಿದ್ದರು. ಪ್ಯಾರಾಚೂಟ್ ಅರಳುವಾಗ ಹಗ್ಗಗಳು ಅಲ್ಲಾಡಬಾರದೆಂದು ಎರಡನ್ನೂ ಪ್ಯಾರಾಚೂಟಿನ ಪಟ್ಟಿಗೆ ಒಂದೊಂದು ಎಳೆ ದಾರದಿಂದ ಕಟ್ಟುತ್ತಿದ್ದೆವು. ಮೋಟಾರು ಮೊದಲ ಸಲ ಎಳೆದಾಗ ಆ ಬದಿಯ ದಾರ ಹರಿಯಬೇಕು; ಅದು ಹರಿಯದೆ ಹಗ್ಗ ಅಲ್ಲಾಡದು. ಮಾಸ್ತರ್ ಅದಕ್ಕೂ ಜೀನ್ಸಿನ ಕಿತ್ತಳೆ ದಾರವನ್ನೇ ಬಳಸಿದ್ದರು. ಗಂಟು ಹಾಕಿ, ದಾರ ಮತ್ತು ಪಟ್ಟಿ ಎರಡರ ಮೇಲೂ ಹಾಯುವಂತೆ ನೀಲಿ ಪೆನ್ನಿನಿಂದ ಒಂದು ಗೀಟು ಎಳೆಯುತ್ತಿದ್ದರು. ‘ಈ ಪೀಸು ನೋಡಿಯಾಯಿತು’ ಎನ್ನಲು ಅವರ ಕಾರ್ಖಾನೆಯಲ್ಲಿ ಹಾಕುತ್ತಿದ್ದ ಗುರುತು ಅದು.

ಕುರುಗೋಡಿನಿಂದ ಸಿರುಗುಪ್ಪದ ಕಡೆ ಹೋಗುವಾಗ ಸಿಗುವ ಒಂದು ಬೀಳು ಹೊಲದಲ್ಲಿ ಪರೀಕ್ಷೆ. ಮಾಸ್ತರರೂ ಬಂದಿದ್ದರು. ಮೋಕ ಎಂಬ ಊರಿನ ಹೊಳೆಯಲ್ಲಿ ತುಂಬಿಸಿದ ಇಪ್ಪತ್ತೈದು ಕಿಲೋ ಮರಳಿನ ಚೀಲವನ್ನು ದೊಡ್ಡ ಡ್ರೋನ್ ಎತ್ತಿಕೊಂಡು ಹೋಗಿ ಮೇಲಿಂದ ಬಿಡಬೇಕು. ಡ್ರೋನ್ ಹಾರಿಸುವ ಗೆಳೆಯ ಪಕ್ಕದ ಗುಡ್ಡದ ಆಚೆ ಇದ್ದ. ಬಯಲಿನ ಅಂಚಿನ ಕಣದಲ್ಲಿ ಗಂಗಮ್ಮ ಎಂಬ ಹೆಂಗಸು ಒಣಮೆಣಸಿನಕಾಯಿ ಆರಿಸುತ್ತಿದ್ದಳು. ಸ್ವಲ್ಪ ಹೊತ್ತು ದೂರ ಹೋಗಿ ಎಂದರೆ ಕೇಳಲಿಲ್ಲ.

“ನಿನ್ನ ಗಾಳಿಪಟ ಬೀಳ್ತೈತಂತ ನಾ ಕಾಯಿ ಬಿಟ್ಟು ಓಡ್ಲೇನು? ಅಷ್ಟು ಭರೋಸಾ ಇಲ್ದಿದ್ರ ಯಾಕ ಹಾರಿಸ್ತೀಯಪ್ಪಾ?”

ಭರೋಸಾ ಇತ್ತು. ಎಷ್ಟೆಂದರೆ, ಕೆಳಗಿನಿಂದ ಅದನ್ನು ತಡೆಯುವ ಗುಂಡಿಯನ್ನೇ ನಾನು ಇಟ್ಟಿರಲಿಲ್ಲ.

ಚೀಲ ಬಿತ್ತು. ಪ್ಯಾರಾಚೂಟ್ ಚೆಂದವಾಗಿ ಅರಳಿ ಎಡಕ್ಕೆ ತಿರುಗಿತು. ಮತ್ತೆ ಎಡಕ್ಕೆ. ಇಳಿಯಬೇಕಾದಲ್ಲಿ ನಾವು ಹಾಕಿದ್ದ ಸುಣ್ಣದ ಗುರುತು ಬಿಟ್ಟು ಕಣದ ಕಡೆ ನೆಟ್ಟಗೆ ಹೊರಟಿತು. ಆಗ ನೆನಪಾಯಿತು. ಬೆಳಿಗ್ಗೆ ಕಣದಲ್ಲಿ ಗಂಗಮ್ಮನ ತಾಡಪಾಲಿನ ನೆರಳಲ್ಲಿ ನೀರು ಕುಡಿಯುತ್ತ ಪೆಟ್ಟಿಗೆ ಪರೀಕ್ಷಿಸಿದ್ದೆ. ಆಗ ಇಳಿಯುವ ಜಾಗವೆಂದು ಅದಕ್ಕೆ ತಿಳಿಸಿದ್ದು ಅಲ್ಲಿಯದನ್ನೇ. ಅದನ್ನು ಬದಲಿಸಿರಲಿಲ್ಲ. ನನ್ನ ಯಂತ್ರ ಒಂದಿಷ್ಟೂ ತಪ್ಪದೆ ಆಕೆಯ ನೆತ್ತಿಗೆ ಇಳಿಯುತ್ತಿತ್ತು.

ಕೂಗುತ್ತ ಓಡಿದೆ. ಮೆಣಸಿನ ಘಾಟಿಗೆ ಮೂಗು ಕಿವಿ ಸೇರಿಸಿ ಬಟ್ಟೆ ಸುತ್ತಿಕೊಂಡಿದ್ದ ಗಂಗಮ್ಮನಿಗೆ ಕೇಳಿಸಲಿಲ್ಲ. ಬೆನ್ನು ನಮ್ಮ ಕಡೆಗಿತ್ತು. ತಲುಪಲಾರೆ ಎಂದು ಗೊತ್ತಾಯಿತು. ಸುಣ್ಣದ ಗುರುತಿನ ಹತ್ತಿರ, ನನಗಿಂತ ಮುಂದೆ, ಖಾದರ್ ಮಾಸ್ತರ್ ನಿಂತಿದ್ದರು. ಅವರ ಬಲಗೈ ಮೇಲೇರಿ, ದಾರ ಜಗ್ಗುವಂತೆ ಗಾಳಿಯಲ್ಲಿ ಗಕ್ಕನೆ ಕೆಳಗಿಳಿದದ್ದನ್ನು ಕಂಡೆ. ಅದೇ ಕ್ಷಣ ಪ್ಯಾರಾಚೂಟಿನ ಬಲ ಮೂಲೆ ಮಡಚಿಕೊಂಡಿತು. ಅದು ಗರ್ರನೆ ಬಲಕ್ಕೆ ತಿರುಗಿ, ಕಣ ದಾಟಿ, ಒಂದು ಬಂಡೆಗೆ ಅಪ್ಪಳಿಸಿತು. ಪೆಟ್ಟಿಗೆ ಚೂರುಚೂರಾಯಿತು. ಯಾವ ಮೋಟಾರು ಯಾವಾಗ ಎಳೆಯಿತೆಂದು ಅದರಲ್ಲಿದ್ದ ದಾಖಲೆಯೂ ಹೋಯಿತು.

ಸದ್ದಿಗೆ ಎದ್ದು ಬಂದ ಗಂಗಮ್ಮನಿಗೆ ನನ್ನ ತಪ್ಪನ್ನು ಇದ್ದದ್ದು ಇದ್ದಂತೆ ಹೇಳಿದೆ. ಆಕೆ ಬಂಡೆಯನ್ನೂ ಒಡೆದ ಚೀಲವನ್ನೂ ನೋಡಿದಳು. “ನಿನ್ನ ಬಾಯಾಗ ಮಣ್ಣು ಹಾಕ! ನೀರು ಕೊಟ್ಟಾಕಿ ತಲಿಮ್ಯಾಲೆ ಉಸುಕು ಸುರೀತಿಯೇನ್ಲೇ?” ಎಂದಳು.

ವಾಪಸು ಬರುವಾಗ ಮಾಸ್ತರರನ್ನು ಕೇಳಿದೆ, ಆ ಹೊತ್ತಿನಲ್ಲಿ ಕೈ ಯಾಕೆ ಜಗ್ಗಿದಿರಿ ಎಂದು. ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. “ನಾನಾ? ಎರಡೂ ಕೈಲೆ ಕಣ್ಣು ಮುಚ್ಚಿಕೊಂಡು ನಿಂತಿದ್ದೆ ಸಾರ್. ಅಲ್ಲಾನ ಆಣಿ. ನೋಡಾಕ ಧೈರ್ಯ ಆಗ್ಲಿಲ್ಲ.”

ಅವರು ಸುಳ್ಳು ಹೇಳುವವರಲ್ಲ. ಹೆದರಿದ ಮನಸ್ಸು ಇಲ್ಲದ್ದನ್ನು ಸೇರಿಸಿಕೊಳ್ಳುತ್ತದೆ. ನನ್ನ ನೆನಪು ಆ ಕೈಯನ್ನು ಆಮೇಲೆ ಕಟ್ಟಿಕೊಂಡಿರಬಹುದು. ಆದರೆ ಪ್ಯಾರಾಚೂಟ್ ತಿರುಗಿದ್ದಂತೂ ನಿಜ, ಬಂಡೆಯ ಹತ್ತಿರ ಬಿದ್ದಿದ್ದ ಚೂರುಗಳೇ ಸಾಕ್ಷಿ. ಗಾಳಿ ಬೀಸಿರಬಹುದೆಂದರೆ ಕಣದಲ್ಲಿ ಹರಡಿದ್ದ ಕಾಯಿಯ ಹಗುರ ಸಿಪ್ಪೆಯೂ ಅಲ್ಲಾಡಿರಲಿಲ್ಲ. ಬಲದ ಮೋಟಾರು ಕೆಟ್ಟು, ತಾನಾಗಿ ಹಗ್ಗ ಎಳೆದಿರಬೇಕು ಎಂದು ತೀರ್ಮಾನಿಸಿದೆ. ಅದು ಸರಿಯಾದ ತೀರ್ಮಾನವೇ. ಯಾವ ಇಂಜಿನಿಯರನಾದರೂ ಹಾಗೇ ಹೇಳುತ್ತಾನೆ. ಆಮೇಲೆ ಮಾಡಿದ ಪ್ರತಿ ಪೆಟ್ಟಿಗೆಗೂ ತಡೆಯುವ ಗುಂಡಿ ಇಟ್ಟಿದ್ದೇನೆ.

ಆ ಪ್ಯಾರಾಚೂಟನ್ನು ಅಂದೇ ಗೋಣಿಚೀಲಕ್ಕೆ ತುರುಕಿ, ಬಾಯಿ ಹೊಲಿದು, ಅಟ್ಟಕ್ಕೆ ಹಾಕಿದ್ದೆ. ತಿಂಗಳ ನಂತರ ಒಬ್ಬನೇ ಕೂತು ಬಿಚ್ಚಿದೆ. ಎಡಗಡೆಯ ಕಿತ್ತಳೆ ದಾರ ಹರಿದು ಎರಡು ತುಂಡಾಗಿತ್ತು. ಬಲಗಡೆಯದು ಹರಿದಿರಲಿಲ್ಲ. ಮಾಸ್ತರರ ನೀಲಿ ಗೀಟು ಪಟ್ಟಿಯಿಂದ ದಾರಕ್ಕೆ, ದಾರದಿಂದ ಪಟ್ಟಿಗೆ, ಒಂದು ಕೂದಲಿನಷ್ಟೂ ಸರಿಯದೆ ನೇರವಾಗಿತ್ತು.