ಕಾಲು ನೆಲದ ಮೇಲೆ ನಿಲ್ಲದವಳು

ಹುತ್ತೂರಿನಲ್ಲಿ ಮುನಿಶಾಮಮ್ಮ ಕೇಳಿದಷ್ಟು ಕೊಂಕು ಮಾತು ಬೇರೆ ಯಾರೂ ಕೇಳಿರಲಿಕ್ಕಿಲ್ಲ. ಅವಳು ಮಾಡಿದ ತಪ್ಪಾದರೂ ಏನು? ನಡೆದಳು, ಅಷ್ಟೇ. ಸೊಂಟ ಆಡಿಸ್ಕೊಂಡು, ಮೊಣಕೈ ಬೀಸ್ಕೊಂಡು, ಬೆಳಬೆಳಗ್ಗೆ ಕೆರೆ ಏರಿ ಮೇಲೆ ಬಿರಬಿರನೆ ನಡೆದಳು. ಅದೂ ನಲವತ್ತು ದಾಟಿ, ಮಗಳನ್ನ ಮದುವೆ ಮಾಡಿ ಕೊಟ್ಟ ಮೇಲೆ, ಪ್ಯಾಂಟು ಹಾಕ್ಕೊಂಡು.

ನಡಿಗೆಯಲ್ಲೂ ಪಂದ್ಯ ಇರುತ್ತಾ ಅಂತ ನೀವು ಕೇಳಬಹುದು. ಇರುತ್ತೆ ಸ್ವಾಮಿ. ಅವಳು ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಆಟೋಟದ ದಿನ ಕೋಲಾರದಿಂದ ಬಂದಿದ್ದ ಕೋಚ್ ಶ್ರೀವಾಣಿ ಇವಳ ನಡಿಗೆ ನೋಡಿದಳು. ತಲೆ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹೊಲದ ಬದುವಿನ ಮೇಲೆ ಓಡಾಡಿ ಬಂದ ನಡಿಗೆ ಅದು.

"ಅಕ್ಕಾ, ಇದಕ್ಕೇ ಒಂದು ಪಂದ್ಯ ಇದೆ" ಅಂದಳು ಶ್ರೀವಾಣಿ. "ನಿಯಮ ಎರಡೇ. ಮುಂದಿಟ್ಟ ಕಾಲಿನ ಮಂಡಿ ಬಾಗಬಾರದು. ಒಂದಲ್ಲ ಒಂದು ಕಾಲು ಯಾವಾಗ್ಲೂ ನೆಲ ಮುಟ್ಟಿರಬೇಕು."

ಊರಲ್ಲಿ ಮೊದಲು ಹಂಗಿಸಿದವನು ಗಂಡನ ಅಣ್ಣ ಚನ್ನರಾಯಪ್ಪ. ಹಾಲಿನ ಡೇರಿ ಮುಂದೆ, ಅವಳ ಮುಖ ನೋಡದೆ, ಆದರೆ ಅವಳಿಗೆ ಕೇಳೋ ಹಾಗೆ ಅಂದ: "ನಮ್ಮ ಮನೆ ಸೊಸೆಗೆ ಈಗೀಗ ಕಾಲು ನೆಲದ ಮೇಲೆ ನಿಲ್ತಿಲ್ಲಪ್ಪೋ."

ಡೇರಿಯವರೆಲ್ಲ ಕಿಸಕ್ಕನೆ ನಕ್ಕರು. ಭಾವನ ಎದುರು ತಲೆ ಎತ್ತಿ ಮಾತಾಡೋ ವಾಡಿಕೆ ಆ ಮನೇಲಿ ಇಲ್ಲ. ಹಾಲು ಅಳೆದುಕೊಟ್ಟು ಖಾಲಿ ಕ್ಯಾನು ಎತ್ಕೊಂಡು ಬಂದಳು. ಗಂಡ ಗಂಗುಲಪ್ಪ ಮಾತ್ರ, "ಅವನು ಅನ್ನೋದು ಅನ್ಲಿ ಬಿಡು. ಹಸು ನಾನು ನೋಡ್ಕೊಂತೀನಿ, ನೀನು ಹೋಗು" ಅಂದ. ಚಿನ್ನದಂಥ ಮನುಷ್ಯ.

ಹೋದಳು. ರಾಜ್ಯದಲ್ಲಿ ಗೆದ್ದಳು, ದೇಶದಲ್ಲಿ ಗೆದ್ದಳು. ಕೊನೆಗೆ ಪೋಲೆಂಡಿನಲ್ಲಿ, ನಲವತ್ತು ದಾಟಿದವರ ಅಂತರರಾಷ್ಟ್ರೀಯ ಒಳಾಂಗಣ ಕೂಟ. ಹೊರಗೆ ಹಲ್ಲು ಕಟಕಟ ಅನ್ನೋ ಚಳಿ. ಒಳಗೆ ಸೂರಿನ ಕೆಳಗೆ ಚಿಕ್ಕ ಟ್ರ್ಯಾಕು, ಸುತ್ತಿದ್ದೇ ಸುತ್ತಬೇಕು. ಪಕ್ಕದಲ್ಲಿ ನಿಂತ ಜಡ್ಜುಗಳ ಕಣ್ಣೆಲ್ಲ ಕಾಲ ಮೇಲೆ. ಮೂವರು ಜಡ್ಜುಗಳು ತಪ್ಪು ಹಿಡಿದರೆ ಪಂದ್ಯದಿಂದ ಹೊರಗೆ.

ಅರ್ಧ ಪಂದ್ಯ ಮುಗಿಯೋ ಹೊತ್ತಿಗೆ ಬೋರ್ಡಿನಲ್ಲಿ ಅವಳ ನಂಬರಿನ ಎದುರು ಒಂದು ಕೆಂಪು ಗುರುತು ಬಿತ್ತು. ಕಾಲು ನೆಲ ಬಿಟ್ಟಿದೆ ಅಂತ. ಎರಡು ಸುತ್ತು ಆಗೋದರೊಳಗೆ ಇನ್ನೊಬ್ಬ ಜಡ್ಜಿನಿಂದ ಇನ್ನೊಂದು. ಅದೂ ಅದೇ ತಪ್ಪಿಗೆ. ಇನ್ನೊಂದು ಬಿದ್ದರೆ ಮುಗೀತು. ಚನ್ನರಾಯಪ್ಪ ಆಡಿದ ಮಾತಿಗೆ ತಾನೇ ಸಾಕ್ಷಿಯಾಗಿ ಊರಿಗೆ ಹೋಗಬೇಕು.

"ನಿಧಾನ ಅಕ್ಕಾ, ನಿಧಾನ" ಅಂತ ಶ್ರೀವಾಣಿ ಕೂಗ್ತಿದ್ದಳು.

ನಿಧಾನವಂತೆ! ನಿಧಾನವಾಗಿ ನಡೆಯೋಕೆ ಹುತ್ತೂರು ಸಾಲದಾಗಿತ್ತಾ? ತಲೆ ಮೇಲೆ ಸೊಪ್ಪಿನ ಹೊರೆ ಇದೆ ಅಂದ್ಕೊಂಡಳು. ಹೊರೆ ಕುಲುಕಬಾರದು, ಒಂದೆಲೆ ಕೆಳಗೆ ಬೀಳಬಾರದು. ಭುಜ ಇಳಿಸಿದಳು, ಹೆಜ್ಜೆ ಗಿಡ್ಡ ಮಾಡಿ ಇನ್ನೂ ಜೋರಾಗಿ ಹಾಕಿದಳು. ಒಬ್ಬಳನ್ನು ಹಿಂದೆ ಹಾಕಿದಳು, ಆಮೇಲೆ ಇನ್ನೊಬ್ಬಳನ್ನು. ನಾಲ್ಕನೆಯವಳಾಗಿ ಗೆರೆ ದಾಟಿ ಮೊದಲು ನೋಡಿದ್ದು ಬೋರ್ಡನ್ನು. ಮೂರನೇ ಗುರುತು ಬಿದ್ದಿರಲಿಲ್ಲ. ಅಲ್ಲೇ ಕೂತು ಗೊಳೋ ಅಂತ ಅತ್ತಳು.

ಊರಿಗೆ ಬಂದ ಮಾರನೇ ದಿನ ಅದೇ ಡೇರಿ. ಪಂದ್ಯದ ವಿಡಿಯೋ ಅಷ್ಟರಲ್ಲಿ ಎಲ್ಲರ ಫೋನಿಗೂ ಬಂದಿತ್ತು.

"ಬರಿಗೈಲಿ ಬಂದವ್ಳೆ" ಅಂದ ಚನ್ನರಾಯಪ್ಪ, ಎದುರಿನ ಗೋಡೆ ನೋಡ್ಕೊಂಡು. "ನಾನ್ ಹೇಳಿರ್ಲಿಲ್ವಾ? ಅಲ್ಲೂ ಕಾಲು ನೆಲದ ಮೇಲೆ ನಿಲ್ಲಲಿಲ್ಲವಂತೆ."

ಮುನಿಶಾಮಮ್ಮ ಕ್ಯಾನು ಕೆಳಗಿಟ್ಟಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಭಾವನ ಮುಖವನ್ನು ನೆಟ್ಟಗೆ ನೋಡಿದಳು.

"ದಿಟ ಭಾವ. ಇಬ್ಬರು ಜಡ್ಜುಗಳೂ ಅದನ್ನೇ ಅಂದ್ರು. ಇಬ್ಬರು ಸೇರಿದ್ರೂ ನನ್ನ ಹೊರಗೆ ಹಾಕೋಕಾಗ್ಲಿಲ್ಲ. ನೀವೊಬ್ಬರು ಯಾವ ಲೆಕ್ಕ?"

ಅಷ್ಟಂದು ಕ್ಯಾನು ಎತ್ಕೊಂಡು, ಸೊಂಟ ಆಡಿಸ್ಕೊಂಡೇ ಮನೆ ಕಡೆ ನಡೆದಳು.